ಮನೆ ಕಟ್ಟುವ ಅಪ್ಪಣೆ ಯಾರದು?

(ಚಪಳಗಾಂವದಲ್ಲಿ ಕೂಡಿದ ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನಮ್ಮನ್ನು ಈ ವೇದಿಕೆಗೆ ಕರೆದಾಗ ನಾವು ಗಡಿಯ ಕುರಿತು ಮಾತನಾಡುವೆವೆಂದು ತಮ್ಮಲ್ಲಿ ಅನೇಕರು ಎಣಿಸಿರಬಹುದು. ಆ ವಿಷಯವನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಮಾಲೆಯಲ್ಲಿ ಹೇಳಿದ್ದಾರೆ, ಮುಂದೆಯೂ ಹೇಳುವರು. ನಾವು ಇಂದು ಎತ್ತಿಕೊಂಡಿರುವುದು ಅದಕ್ಕಿಂತ ಬಹಳ ಚಿಕ್ಕದಾದ ಒಂದು ಗಡಿ. ನಿಮ್ಮ ಮನೆಯ ಹಿತ್ತಿಲಿಗೂ ನಿಮ್ಮ ಹೊಲದ ಬದುವಿಗೂ ನಡುವೆ ಎಲ್ಲಿಯೋ ಒಂದು ಕಡೆ ಸರಕಾರದ ನಕಾಶೆಯಲ್ಲಿ ಒಂದು ಗೆರೆ ಹಾದುಹೋಗಿದೆ. ಅದರ ಒಳಗಿನ ನೆಲಕ್ಕೆ ಗಾವಠಾಣವೆಂದು ಹೆಸರು. ಗೆರೆಯ ಒಳಗೆ ಮನೆ ಕಟ್ಟುವವನು ತಟ್ಟಬೇಕಾದ ಬಾಗಿಲು ಒಂದು, ಹೊರಗೆ ಕಟ್ಟುವವನು ತಟ್ಟಬೇಕಾದ ಬಾಗಿಲು ಇನ್ನೊಂದು. ಈ ಸಂಗತಿಯನ್ನು ಅರಿಯದೆ ನಾವು ಒಬ್ಬ ಗೃಹಸ್ಥನನ್ನು ತಪ್ಪು ಬಾಗಿಲಿಗೆ ಕಳುಹಿಸಿದೆವು. ಮೊದಲು ಆ ಕತೆಯನ್ನು ತಮ್ಮೆದುರು ಒಪ್ಪಿಸಿ ಆಮೇಲೆ ಶಾಸನದ ಮಾತಿಗೆ ಬರುತ್ತೇವೆ.

ಐದಾರು ವರ್ಷಗಳ ಹಿಂದಿನ ಮಾತು. ನಮ್ಮ ಬಳಿಯೇ ಕನ್ನಡ ಅಕ್ಷರ ಕಲಿತ ಒಬ್ಬ ರೈತ, ಹೆಸರು ಬೇಡ. ಮೂವರು ಅಣ್ಣತಮ್ಮಂದಿರಿಗೆ ಊರೊಳಗಿನ ಮಾಳಿಗೆಯ ಮನೆ ಒಂದೇ. ಹಿಸ್ಸೆಯಾದ ಮೇಲೆ ಈತನ ಪಾಲಿಗೆ ಒಂದು ಅಂಕಣ, ಅರ್ಧ ಪಡಸಾಲೆ. ಮಕ್ಕಳು ದೊಡ್ಡವರಾದರು, ಹೊಲದಲ್ಲಿ ಬಾವಿಯ ಪಕ್ಕದಲ್ಲಿ ಎರಡು ಕೋಣೆ ಕಟ್ಟಿಕೊಳ್ಳಬೇಕೆಂದು ಮನಸ್ಸು ಮಾಡಿದ. ಕಾಗದ ಬರೆಯಿಸಲು ಎಲ್ಲರೂ ಬರುವಂತೆ ನಮ್ಮ ಬಳಿಗೆ ಬಂದ. ನಾವು ಮೂವತ್ತು ವರ್ಷಗಳಿಂದ ಊರವರ ಅರ್ಜಿಗಳನ್ನು ಬರೆದುಕೊಡುತ್ತ ಬಂದವರು; ಶಿಕ್ಷಕರ ಪ್ರಶಿಕ್ಷಣದ ಸರ್ಟಿಫಿಕೇಟಿನ ಹೊರತು ಬೇರೆ ಪದವಿ ನಮಗಿಲ್ಲವಾದರೂ ಅರ್ಜಿ ಬರೆಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲವೆಂಬ ಹೆಮ್ಮೆ ಇತ್ತು. ದುಂಡಾದ ಅಕ್ಷರಗಳಲ್ಲಿ ಗ್ರಾಮ ಪಂಚಾಯತಿಯ ಸರಪಂಚರಿಗೆ ಅರ್ಜಿ ಬರೆದೆವು. ಪಂಚಾಯತಿ ಠರಾವು ಮಾಡಿತು, ಶಿಕ್ಕೆ ಬಿತ್ತು. ಆತ ಪಾಯ ತೋಡಿ, ಕಲ್ಲು ಹಾಕಿ, ಗೋಡೆಯನ್ನು ಎದೆಯೆತ್ತರಕ್ಕೆ ಎಬ್ಬಿಸಿದ.

ಆಗ ನೋಟೀಸು ಬಂದಿತು. ಬೇಸಾಯದ ಜಮೀನನ್ನು ಅಪ್ಪಣೆಯಿಲ್ಲದೆ ಬೇಸಾಯೇತರ ಉಪಯೋಗಕ್ಕೆ ತಿರುಗಿಸಿದ್ದಾನೆ, ಕೆಲಸ ನಿಲ್ಲಿಸಬೇಕು, ದಂಡ ಯಾಕೆ ಹಾಕಬಾರದು ಎಂಬುದಕ್ಕೆ ಜವಾಬು ಕೊಡಬೇಕು ಎಂದು ಅದರ ತಾತ್ಪರ್ಯ. ಆತ ಅದನ್ನು ಮಡಚಿ ದೇವರ ಗೂಡಿನಲ್ಲಿಟ್ಟ. ಮರಾಠಿಯನ್ನು ಸಂತೆಯಲ್ಲಿ ಮಾತನಾಡಬಲ್ಲ, ಆದರೆ ಕಚೇರಿಯ ಮರಾಠಿಯನ್ನು ಓದಲಾರ. ಪಂಚಾಯತಿಯ ಅಪ್ಪಣೆ ಕೈಯಲ್ಲಿರುವಾಗ ಇದು ಕರ ತುಂಬುವ ಯಾವುದೋ ಚೀಟಿಯೆಂದು ಭಾವಿಸಿದ. ನಮ್ಮ ಬಳಿಗೆ ತಂದಾಗ ಮುದ್ದತು ಮುಗಿದು ಹನ್ನೊಂದು ದಿನಗಳಾಗಿದ್ದವು.

ಆ ರಾತ್ರಿ ನಾವು ಮೊದಲ ಬಾರಿಗೆ ಶಾಸನದ ಪುಸ್ತಕವನ್ನು ತರಿಸಿ ಓದಿದೆವು. ಓದಿದಂತೆ ನಮ್ಮ ತಪ್ಪು ಒಂದೊಂದಾಗಿ ಹೊರಬಿದ್ದಿತು. ಅರ್ಜಿ ಹೋಗಬೇಕಾಗಿದ್ದುದು ಕಲೆಕ್ಟರರಿಗೆ. ಅಷ್ಟೇ ಅಲ್ಲ. ಗಾವಠಾಣದ ಮೇರೆಯಿಂದ 200 ಮೀಟರುಗಳ ಒಳಗಿನ ಜಮೀನು ಇದ್ದರೆ ಕರ ತುಂಬಿ ಅದನ್ನು ಬೇಸಾಯೇತರವೆಂದು ನೊಂದಿಸಿಕೊಳ್ಳಲು ಸುಲಭವಾದ ದಾರಿಯೊಂದು ಭೂಕಂದಾಯ ಸಂಹಿತೆಯಲ್ಲಿಯೇ ಇದೆ. ಆತನ ಹೊಲದ ಊರ ಕಡೆಯ ತುದಿ ಆ 200 ಮೀಟರಿನ ಒಳಗೆ ಬರುತ್ತಿತ್ತು! ಬಾವಿಯ ಕಡೆಯ ತುದಿ ಬರುತ್ತಿರಲಿಲ್ಲ. ಮನೆಯ ಪಾಯವನ್ನು ಅದೇ ಹೊಲದಲ್ಲಿ ಇತ್ತ ಸರಿಸಿ ಹಾಕಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ. ಆ ಎದೆಯೆತ್ತರದ ಗೋಡೆ ಎರಡು ಮಳೆಗಾಲ ನೆನೆಯಿತು. ದಂಡ ತುಂಬಿ, ಹೊಸದಾಗಿ ಅರ್ಜಿ ಕೊಟ್ಟು, ಸಾಲ ಮಾಡಿ ಆತ ಕೊನೆಗೆ ಕಟ್ಟಿದ್ದು ಎರಡು ಕೋಣೆಗಳಲ್ಲ, ಒಂದು. ನಮ್ಮನ್ನು ಆತ ಒಂದು ಮಾತೂ ಅನ್ನಲಿಲ್ಲ, ಅನ್ನಬೇಕಾಗಿತ್ತು.

ಇನ್ನು ಶಾಸನದ ಮಾತು. ನಾವು ವಕೀಲರಲ್ಲ; ಓದಿ ತಿಳಿದುಕೊಂಡಷ್ಟನ್ನು ತಿಳಿದಂತೆ ಹೇಳುತ್ತೇವೆ.

ನೆಲದ ಮೇಲೆ ಏನು ಕಟ್ಟಬೇಕು, ಎಲ್ಲಿ ಕಟ್ಟಬೇಕು ಎಂಬುದನ್ನು ನಕಾಶೆಯ ಮೂಲಕ ಗೊತ್ತುಪಡಿಸುವ ಪದ್ಧತಿ ನಮ್ಮ ದೇಶಕ್ಕೆ ಬಂದದ್ದು ಮುಂಬಯಿ ಪ್ರಾಂತದ 1915ರ ನಗರ ರಚನಾ ಕಾಯದೆಯಿಂದ. ಇಂಗ್ಲಂಡದಲ್ಲಿ 1909ರಲ್ಲಿ ಇಂಥದೊಂದು ಕಾಯದೆಯಾಗಿತ್ತು. ಅದರ ಮಾದರಿಯ ಮೇಲೆ ಇದು ರಚಿತವಾಯಿತು. ಪಟ್ಟಣಗಳಿಗಾಗಿ ಹುಟ್ಟಿದ ವಿಚಾರವಿದು. ಹಳ್ಳಿಯ ಕಲ್ಪನೆಯೇ ಅದರಲ್ಲಿ ಇರಲಿಲ್ಲ. ಆಗ ಅಕ್ಕಲಕೋಟ ಭೋಸಲೆ ಮನೆತನದವರ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬಯಿಯಲ್ಲಿ ವಿಲೀನವಾಯಿತು. ಸ್ವಾತಂತ್ರ್ಯ ಬಂದ ಮೇಲೆ 1954ರಲ್ಲಿ ಹಳೆಯ ಕಾಯದೆ ಹೋಗಿ ಹೊಸದು ಬಂತು. ಅದೂ ಹೋಗಿ 1966ರಲ್ಲಿ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ರಚನಾ ಅಧಿನಿಯಮ ಬಂತು. ಭೂಕಂದಾಯ ಸಂಹಿತೆಯೂ 1966ರದೇ. ಇವೆರಡರ ನಡುವೆ, ಇವುಗಳಿಗಿಂತ ಹಳೆಯದಾದ 1958ರ ಗ್ರಾಮ ಪಂಚಾಯತಿ ಅಧಿನಿಯಮವಿದೆ. ನಮ್ಮ ಮನೆಗಳ ಅದೃಷ್ಟವು ಈ ಮೂರು ಪುಸ್ತಕಗಳಲ್ಲಿ ಹಂಚಿಹೋಗಿದೆ.

ಪಂಚಾಯತಿ ಅಧಿನಿಯಮದ 52ನೆಯ ಕಲಮಿನ ಮೇರೆಗೆ ಊರಿನಲ್ಲಿ ಮನೆ ಕಟ್ಟಲು ಪಂಚಾಯತಿಯ ಪೂರ್ವಾನುಮತಿ ಬೇಕು. ಇದನ್ನು ಓದಿದವನು ಅಧಿಕಾರ ಊರಿನ ಕೈಯಲ್ಲಿಯೇ ಇದೆಯೆಂದು ತಿಳಿಯುವನು. ನಾವೂ ಹಾಗೆಯೇ ತಿಳಿದಿದ್ದೆವು. ಆದರೆ ಊರಿನ ಮೇರೆ ಯಾವುದು? ಭೂಕಂದಾಯ ಸಂಹಿತೆಯ 122ನೆಯ ಕಲಮು ಗಾವಠಾಣದ ಮೇರೆಯನ್ನು ಗೊತ್ತುಮಾಡುವ, ಕಾಲಕಾಲಕ್ಕೆ ಬದಲಾಯಿಸುವ ಅಧಿಕಾರವನ್ನು ಕಲೆಕ್ಟರರಿಗೆ ಕೊಟ್ಟಿದೆ, ಊರಿಗೆ ಕೊಟ್ಟಿಲ್ಲ. ಜನ ಬೆಳೆದರು, ಮನೆಗಳು ಹೊರಗೆ ಹರಿದವು, ಗೆರೆ ಮಾತ್ರ ಎಷ್ಟೋ ಊರುಗಳಲ್ಲಿ ಅಜ್ಜಂದಿರ ಕಾಲದಲ್ಲಿ ಇದ್ದಲ್ಲಿಯೇ ಇದೆ. ಗೆರೆಯ ಹೊರಗೆ 44ನೆಯ ಕಲಮಿನ ಅನ್ವಯ ಬೇಸಾಯೇತರ ಉಪಯೋಗಕ್ಕೆ ಕಲೆಕ್ಟರರ ಅಪ್ಪಣೆ ಬೇಕು. ಪ್ರಾದೇಶಿಕ ಯೋಜನೆ ಜಾರಿಯಲ್ಲಿದ್ದರೆ ನಗರ ರಚನಾ ಅಧಿನಿಯಮದ 18ನೆಯ ಕಲಮೂ ಅದೇ ಕಲೆಕ್ಟರರ ಕಡೆಗೇ ಬೆರಳು ತೋರಿಸುತ್ತದೆ.

ನಮ್ಮ ಸಂವಿಧಾನಕ್ಕೆ 1992ರಲ್ಲಿ ಆದ ಎರಡು ತಿದ್ದುಪಡಿಗಳನ್ನು ಪಂಚಾಯತಿಯ ಸಭೆಗಳಲ್ಲಿ ಬಹಳ ಹೊಗಳುತ್ತಾರೆ. ಹೊಗಳತಕ್ಕವೇ. ಆದರೆ ಅವುಗಳ ಕೊನೆಯಲ್ಲಿ ಸೇರಿಸಿದ ಎರಡು ಅನುಸೂಚಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದವರು ವಿರಳ. ಪಟ್ಟಣಗಳಿಗಾಗಿ ಮಾಡಿದ ಹನ್ನೆರಡನೆಯ ಅನುಸೂಚಿಯ ಮೊದಲ ಸಾಲೇ ನಗರ ಯೋಜನೆ. ಎರಡನೆಯ ಸಾಲು ನೆಲದ ಉಪಯೋಗ ಮತ್ತು ಕಟ್ಟಡಗಳ ನಿಯಂತ್ರಣ. ಹಳ್ಳಿಗಳಿಗಾಗಿ ಮಾಡಿದ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳಿವೆ. ಕೋಳಿ ಸಾಕಣೆ ಇದೆ, ಮೀನುಗಾರಿಕೆ ಇದೆ, ಗ್ರಾಮೀಣ ವಸತಿಯೂ ಇದೆ. ಆದರೆ ನೆಲದ ಉಪಯೋಗದ ನಿಯಂತ್ರಣ ಮತ್ತು ಕಟ್ಟಡದ ನಿಯಂತ್ರಣ ಎಂಬ ಮಾತುಗಳು ಅಲ್ಲಿ ಇಲ್ಲ. ಅರ್ಥಾತ್ ಪಟ್ಟಣದವನಿಗೆ ಸಂವಿಧಾನವೇ ಸೂಚಿಸಿದ ಅಧಿಕಾರವನ್ನು ಹಳ್ಳಿಯವನು ರಾಜ್ಯದ ದಯೆಯಿಂದ ಪಡೆಯಬೇಕಾಗಿದೆ. ದಯೆಯೆಂಬುದು ಒಮ್ಮೆ ಕೊಡುತ್ತದೆ, ಒಮ್ಮೆ ಹಿಂತೆಗೆದುಕೊಳ್ಳುತ್ತದೆ. 2020ರ ಡಿಸೆಂಬರದಲ್ಲಿ ಮುಂಬಯಿ ಮೊದಲಾದ ಕೆಲವು ಪ್ರದೇಶಗಳನ್ನು ಬಿಟ್ಟು ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ನಿಯಮಾವಳಿ ಜಾರಿಗೆ ಬಂತು. ಅದರ ಬೆನ್ನಿಗೆ 2021ರಲ್ಲಿ, ಗ್ರಾಮೀಣ ಭಾಗದಲ್ಲಿ 3,200 ಚದರ ಅಡಿಯವರೆಗಿನ ಜಾಗದ ಮನೆಗಳಿಗೆ ನಗರ ರಚನಾಕಾರರ ಅಪ್ಪಣೆ ಬೇಡ, ಲೈಸನ್ಸುಳ್ಳ ಇಂಜಿನಿಯರನ ಸಹಿಯ ಕಾಗದಗಳ ಮೇಲೆ ಪಂಚಾಯತಿಯ ಹಂತದಲ್ಲಿಯೇ ಕೆಲಸ ಮುಗಿಯಲಿ ಎಂದು ಸರಕಾರ ಸಾರಿತು. ಒಳ್ಳೆಯದು. ಆದರೆ ಲೈಸನ್ಸುಳ್ಳ ಇಂಜಿನಿಯರ ಸೊಲ್ಲಾಪುರದಲ್ಲಿದ್ದಾನೆ, ಆತನ ಫೀಜು ನಮ್ಮ ಕಡೆಯ ಒಂದು ಎಕರೆ ಜೋಳದ ಲಾಭವನ್ನು ನುಂಗಬಲ್ಲದು. ಜಮೀನು ಮೊದಲು ಬೇಸಾಯೇತರವಾಗಿರಬೇಕೆಂಬ ಮಾತೂ ಹಾಗೆಯೇ ಉಳಿದಿದೆ.

ಇಲ್ಲಿಯವರೆಗೆ ಹೇಳಿದ್ದು ಕಲೆಕ್ಟರರ ಬಾಗಿಲಿನ ತನಕದ ದಾರಿ. ಅದರ ಮೇಲೆ ಮುಂಬಯಿಯ ಮಂತ್ರಾಲಯವಿದೆ. ನಗರ ರಚನಾ ಅಧಿನಿಯಮದ 154ನೆಯ ಕಲಮಿನಂತೆ ರಾಜ್ಯ ಸರಕಾರವು ಯೋಜನಾ ಅಧಿಕಾರಿಗಳಿಗೆ ನಿರ್ದೇಶನ ಕೊಡಬಹುದು, ಅವರು ಅದನ್ನು ಪಾಲಿಸತಕ್ಕದ್ದು. ಪ್ರಾದೇಶಿಕ ಯೋಜನೆಯನ್ನು ಮಂಜೂರು ಮಾಡುವುದೂ ಸರಕಾರವೇ, 20ನೆಯ ಕಲಮಿನ ಮೂಲಕ ಆಮೇಲೆ ಬದಲಿಸುವುದೂ ಸರಕಾರವೇ. ಅಕ್ಕಲಕೋಟದಂಥ ಪಟ್ಟಣದಲ್ಲಿ ನಗರ ಪರಿಷತ್ತು ವಿಕಾಸ ಯೋಜನೆಯ ಕರಡನ್ನು ಪ್ರಕಟಿಸಿ 30 ದಿನ ಆಕ್ಷೇಪಗಳನ್ನು ಕೇಳುತ್ತದೆ. ಆದರೆ ಕೊನೆಯ ಸಹಿ ಸರಕಾರದ್ದು, ಆ ಸಹಿಯಲ್ಲಿ ಬದಲಾವಣೆಗಳೂ ಸೇರಿ ಬರಬಹುದು. ಈ ಅಧಿಕಾರ ಎಷ್ಟು ವಿಶಾಲವೆಂಬ ಪ್ರಶ್ನೆ ಪುಣೆಯ ಮಹಾನಗರಪಾಲಿಕೆಯ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ 2004ರ ತೀರ್ಪು ಸರಕಾರದ ಪರವಾಗಿಯೇ ಆಯಿತು: ಪಾಲಿಕೆ ಕಳಿಸಿದ ನಿಯಮವನ್ನು ಸರಕಾರವು ತನಗೆ ಸರಿತೋರಿದಂತೆ ಮಾರ್ಪಡಿಸಬಹುದು. ಪುಣೆಯಂಥ ನಗರದ ಗತಿಯೇ ಇದಾದರೆ ಹಳ್ಳಿಯ ಠರಾವಿನ ತೂಕವನ್ನು ತಾವೇ ಅಂದಾಜು ಮಾಡಿರಿ.

ಹಾಗೆಂದು ಸರಕಾರದ ಕೈಯೆಲ್ಲ ಕೆಡುಕಿನದು, ಊರಿನ ಕೈಯೆಲ್ಲ ಒಳ್ಳೆಯದು ಎಂದು ನಾವು ಹೇಳಲಾರೆವು. ಹೇಳಿದರೆ ತಮ್ಮಲ್ಲಿ ಕೆಲವರು ಮನಸ್ಸಿನಲ್ಲಿಯೇ ನಕ್ಕಾರು. ದನ ಮೇಯುವ ಗಾಯರಾಣದಲ್ಲಿ ಬಲವುಳ್ಳವರು ಬೇಲಿ ಹಾಕಿದಾಗ ಪಂಚಾಯತಿ ಕಣ್ಣು ಮುಚ್ಚಿಕೊಂಡ ಊರುಗಳು ಎಷ್ಟಿಲ್ಲ? ಪಂಜಾಬದ ಒಂದು ಊರಿನ ಕೆರೆಯನ್ನು ಕೆಲವರು ಹೂಳಿ ಮನೆ ಕಟ್ಟಿಕೊಂಡದ್ದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಯಿತು. ಆ ಅತಿಕ್ರಮಣವನ್ನು ಹಣ ತುಂಬಿಸಿಕೊಂಡು ಸಕ್ರಮಗೊಳಿಸಲು ಹೇಳಿದವರು ಅಧಿಕಾರಿಗಳೇ. ಅದನ್ನು ತಳ್ಳಿಹಾಕಿದ ನ್ಯಾಯಾಲಯವು ಊರಿನ ಸಾಮಾಯಿಕ ಜಮೀನು ಊರಿಗೇ ಮರಳಬೇಕೆಂದು ಎಲ್ಲ ರಾಜ್ಯಗಳಿಗೂ ಅಪ್ಪಣೆ ಮಾಡಿತು. ಮೇಲೊಂದು ಕೈ ಬೇಕು, ಏತಕ್ಕೆಂದರೆ ಊರೊಳಗಿನ ದುರ್ಬಲನಿಗೆ ಕೆಲವೊಮ್ಮೆ ಅದೊಂದೇ ಆಸರೆ. ಗಡಿಯಾಚೆ ಹೋದರೆ ಇದೆಲ್ಲ ಇರುವುದಿಲ್ಲವೆಂದು ಯಾರಾದರೂ ತಿಳಿದಿದ್ದರೆ ಅದನ್ನೂ ತಿದ್ದಿಕೊಳ್ಳಲಿ. ಕರ್ನಾಟಕದಲ್ಲಿಯೂ 1964ರ ಭೂಕಂದಾಯ ಅಧಿನಿಯಮದ 95ನೆಯ ಕಲಮಿನಂತೆ ಜಿಲ್ಲಾಧಿಕಾರಿಯ ಅಪ್ಪಣೆಯಿಲ್ಲದೆ ಹೊಲ ನಿವೇಶನವಾಗುವುದಿಲ್ಲ. ಸಮಿತಿಯವರು ಈ ವಾಕ್ಯವನ್ನು ಅಚ್ಚು ಹಾಕಿಸುವಾಗ ಬಿಡುವುದಿಲ್ಲವೆಂದು ನಂಬಿದ್ದೇವೆ.

ಇಂಗ್ಲಂಡದಲ್ಲಿ 1947ರ ಕಾಯದೆಯು ಸ್ಥಳೀಯ ಕೌನ್ಸಿಲಿನ ಮುಂದಿರುವ ಅರ್ಜಿಯನ್ನು ಮಂತ್ರಿಯು ತನ್ನ ಬಳಿಗೇ ಎಳೆದುಕೊಂಡು ತೀರ್ಮಾನಿಸುವ ಅಧಿಕಾರವನ್ನು ಕೊಟ್ಟಿತು. ಕೇಳುವುದಕ್ಕೆ ಇದು ನಮ್ಮದಕ್ಕಿಂತ ಕಠೋರವಾಗಿದೆ. ಆದರೆ ಹಾಗೆ ಎಳೆದುಕೊಂಡಾಗ ಅರ್ಜಿದಾರನಾಗಲಿ ಕೌನ್ಸಿಲಾಗಲಿ ಬಯಸಿದರೆ ಅವರ ಮಾತನ್ನು ಕೇಳಿಯೇ ತೀರಬೇಕೆಂಬ ಕಟ್ಟೂ ಜೊತೆಗಿತ್ತು. ನಮ್ಮಲ್ಲಿಯ ಕೊರತೆ ಇರುವುದು ಇಲ್ಲಿ. ಪಟ್ಟಣದಲ್ಲಿ ಅರ್ಜಿ ನಿರಾಕೃತವಾದವನು 47ನೆಯ ಕಲಮಿನಂತೆ 40 ದಿನಗಳೊಳಗೆ ಸರಕಾರಕ್ಕೆ ಅಪೀಲು ಮಾಡಬಹುದು. ಪಕ್ಕದ ಮನೆಯವನಿಗೆ, ಗಾಳಿ ಬೆಳಕು ಕಳೆದುಕೊಳ್ಳುವವನಿಗೆ ಆ ಕಲಮಿನಲ್ಲಿ ಬಾಗಿಲಿಲ್ಲ. ಆತ ಹೇಳಬೇಕಾದದ್ದನ್ನು ಯೋಜನೆ ಇನ್ನೂ ಕರಡಾಗಿರುವಾಗ, ಆಕ್ಷೇಪಗಳ ಮುದ್ದತಿನಲ್ಲಿಯೇ ಹೇಳಬೇಕು. ಹೆದ್ದಾರಿಯ ಭೂಸ್ವಾಧೀನದ ವಿಷಯದಲ್ಲಿ ಈ ಮುದ್ದತು ಇನ್ನೂ ಚಿಕ್ಕದು: 1956ರ ರಾಷ್ಟ್ರೀಯ ಹೆದ್ದಾರಿ ಅಧಿನಿಯಮದಲ್ಲಿ 21 ದಿನ. ನಮ್ಮ ಕಡೆ ಅಕ್ಕಲಕೋಟ-ನಳದುರ್ಗ ರಸ್ತೆಯ ಕೆಲಸ ನಡೆದಾಗ ಆ 21 ದಿನಗಳ ಬೆಲೆ ಎಷ್ಟೆಂದು ಹೊಲ ಕಳೆದುಕೊಂಡವರಿಗೆ ತಿಳಿಯಿತು.

ಆದುದರಿಂದ ದಿನಗಳ ಲೆಕ್ಕವೇ ನಮ್ಮ ಕೈಯಲ್ಲಿ ಉಳಿದ ನಿಜವಾದ ಅಧಿಕಾರ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. 44ನೆಯ ಕಲಮಿನ ಅರ್ಜಿಗೆ ಕಲೆಕ್ಟರರ ಕಚೇರಿಯು ಪೋಹೋಚು ಕೊಟ್ಟ ದಿನದಿಂದ 90 ದಿನಗಳೊಳಗೆ ತೀರ್ಮಾನ ತಿಳಿಸದಿದ್ದರೆ ಅಪ್ಪಣೆ ದೊರೆತಂತೆಯೇ ಎಂದು ಶಾಸನ ಹೇಳುತ್ತದೆ. ಪಟ್ಟಣದ ಕಟ್ಟಡದ ಅರ್ಜಿಗೆ, ಅದು ನಿಯಮಕ್ಕೆ ಅನುಸಾರವಾಗಿದ್ದರೆ, ಇದೇ ರೀತಿ 60 ದಿನ. ಸರಕಾರವು ತನ್ನ ಆಲಸ್ಯಕ್ಕೆ ತಾನೇ ಹಾಕಿಕೊಂಡ ದಂಡವಿದು. ಆದರೆ ಅರ್ಜಿ ಮುಟ್ಟಿದ ತಾರೀಖನ್ನು ತೋರಿಸುವ ಕಾಗದವೇ ನಿಮ್ಮ ಬಳಿ ಇಲ್ಲದಿದ್ದರೆ 90ನ್ನು ಎಲ್ಲಿಂದ ಎಣಿಸುವಿರಿ? ನಮ್ಮ ರೈತನ ಎರಡನೆಯ ಅರ್ಜಿಯನ್ನು ಸರಿಯಾದ ಬಾಗಿಲಿಗೇ ಕಳುಹಿಸಿದೆವು. ಆದರೆ ಪೋಹೋಚು ಕೇಳಿ ತಾ ಎಂದು ಹೇಳುವುದನ್ನು ಮರೆತೆವು. ಆ ಅರ್ಜಿ ಎಲ್ಲಿಯೋ ಕಾಣೆಯಾಯಿತು. ಮೂರನೆಯದನ್ನು ಕೊಡುವಾಗ ನಾವೇ ಜೊತೆಗೆ ಹೋಗಿ, ಖಿಡಕಿಯ ಮುಂದೆ ನಿಂತು, ನಕಲಿನ ಮೇಲೆ ಶಿಕ್ಕೆ ಹಾಕಿಸಿಕೊಂಡು ಬಂದೆವು.

ಇನ್ನು ಭಾಷೆಯ ಮಾತು. ಇದಕ್ಕಾಗಿಯೇ ಸಮಿತಿಯವರು ನಮ್ಮನ್ನು ಕರೆದದ್ದು. ದೇವರ ಗೂಡಿನಲ್ಲಿ ಮಡಚಿಟ್ಟ ಆ ನೋಟೀಸು ಕನ್ನಡದಲ್ಲಿದ್ದಿದ್ದರೆ ಆತ ಅದೇ ದಿನ ಓದುತ್ತಿದ್ದ. ಏತಕ್ಕೆಂದರೆ ಅಕ್ಷರ ಕಲಿಸಿದವರು ನಾವೇ. ಹನ್ನೊಂದು ದಿನ ತಡವಾಗುತ್ತಿರಲಿಲ್ಲ. ಕನ್ನಡದಲ್ಲಿ ನೋಟೀಸು ಕೇಳುವುದು ಯಾರ ವಿರುದ್ಧವಾದ ಮಾತೂ ಅಲ್ಲ, ಹೊಸ ಬೇಡಿಕೆಯೂ ಅಲ್ಲ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಕೇಂದ್ರ ಸರಕಾರವು ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಕುರಿತು ಒಂದು ನಿವೇದನ ಪತ್ರವನ್ನು ಹೊರಡಿಸಿತು. 1961ರಲ್ಲಿ ಮುಖ್ಯಮಂತ್ರಿಗಳ ಪರಿಷತ್ತು ಕೂಡಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಒಂದು ಜಿಲ್ಲೆ, ತಾಲೂಕು ಅಥವಾ ಪುರಸಭೆಯಲ್ಲಿ ಅಲ್ಪಸಂಖ್ಯಾತ ಭಾಷೆಯವರು ಜನಸಂಖ್ಯೆಯ 15 ಪ್ರತಿಶತದಷ್ಟು ಇದ್ದರೆ ಮಹತ್ವದ ನಿಯಮಗಳನ್ನೂ ಸೂಚನೆಗಳನ್ನೂ ಅವರ ಭಾಷೆಯಲ್ಲಿಯೂ ಪ್ರಕಟಿಸತಕ್ಕದ್ದು ಎಂಬುದು ಅದರ ಸಾರ. ಅಕ್ಕಲಕೋಟ ತಾಲೂಕಿನಲ್ಲಿ ಕನ್ನಡಿಗರು 15 ಪ್ರತಿಶತ ಇದ್ದಾರೆಯೇ ಎಂದು ಕೇಳುವವನು ಇಲ್ಲಿಯ ಒಂದು ಸಂತೆಯಲ್ಲಿ ಕಾಲುಗಂಟೆ ನಿಂತರೆ ಸಾಕು. ಇದು ಶಾಸನದ ಕಲಮಲ್ಲ, ಸರಕಾರಗಳು ಒಪ್ಪಿಕೊಟ್ಟ ಮಾತು. ಆದುದರಿಂದಲೇ ನಾವು ಕೇಳದಿದ್ದರೆ ಅದು ಕಪಾಟಿನಲ್ಲಿಯೇ ಉಳಿಯುತ್ತದೆ.

ಶಾಸನಕ್ಕಿಂತ ಮೇಲಾದದ್ದು ಇನ್ನೊಂದಿದೆ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವುದೇ ನಾಗರಿಕನು ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. ಕನ್ನಡವು ಈ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯೆಂಬುದಕ್ಕೆ ನಮ್ಮ ಶಾಲೆಯ ಹಾಜರಿ ಪಟ್ಟಿಯೇ ಸಾಕ್ಷಿ. ಆಕ್ಷೇಪವನ್ನು ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುವುದಿಲ್ಲವೆಂದು ಖಿಡಕಿಯಲ್ಲಿ ಯಾರಾದರೂ ಹೇಳಿದರೆ ಜಗಳ ಬೇಡ. 350 ಎಂಬ ಅಂಕಿಯನ್ನು ಅರ್ಜಿಯ ತಲೆಯ ಮೇಲೆ ಬರೆದು, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿರಿ. ಆದರೆ ದಿನಗಳು ಕಡಿಮೆಯಿದ್ದಾಗ ಹಟ ಮಾಡಬೇಡಿರಿ. ಕನ್ನಡದ ಪ್ರತಿಯ ಜೊತೆಗೆ ಮರಾಠಿಯ ಪ್ರತಿಯನ್ನೂ ಇಡಿರಿ. ಈ ಕೆಲಸಕ್ಕೆ ನಮ್ಮ ನೆರೆಯ ಮರಾಠಿ ಶಾಲೆಯ ಗುರುಗಳು ಸಂತೋಷದಿಂದ ಒಪ್ಪಿದ್ದಾರೆ. ಅವರ ಊರಿನವರಿಗೂ ಈ ಗೆರೆಯ ಕಷ್ಟ ನಮ್ಮಷ್ಟೇ ಇದೆ, ಕಚೇರಿಯ ಮರಾಠಿ ಅವರಿಗೂ ಪೂರ್ತಿಯಾಗಿ ತಿಳಿಯುವುದಿಲ್ಲವೆಂದು ಅವರೇ ನಕ್ಕು ಹೇಳಿದರು.

ಸಮಯವಾಯಿತು. ಹಿರಿಯರು ಒಪ್ಪಿರುವಂತೆ, ಬರುವ ವಾರದಿಂದ ಪ್ರತಿ ಶನಿವಾರ ಸಂಜೆ ಶಾಲೆಯ ಮೊದಲ ಕೋಣೆಯಲ್ಲಿ ದೀಪ ಹಚ್ಚಿರುತ್ತೇವೆ. ಅಲ್ಲಿ ಒಂದು ವಹಿ ಇರುತ್ತದೆ. ಊರಿಗೆ ಬಂದ ಪ್ರತಿಯೊಂದು ನೋಟೀಸಿನ ತಾರೀಖು, ಮುದ್ದತು ಮುಗಿಯುವ ದಿನ, ಯಾರ ಬಾಗಿಲಿಗೆ ಹೋಗಬೇಕೆಂಬುದು ಅದರಲ್ಲಿ ಬರೆಯಲ್ಪಡುತ್ತದೆ. ಗಾವಠಾಣದ ನಕಾಶೆಯ ಒಂದು ನಕಲನ್ನೂ ತಂದು ಗೋಡೆಗೆ ಹಚ್ಚುತ್ತೇವೆ. 200 ಮೀಟರಿನ ಗೆರೆಯನ್ನು ಏಳನೆಯ ಇಯತ್ತೆಯ ಮಕ್ಕಳು ಕೆಂಪು ಪೆನ್ಸಿಲಿನಿಂದ ಎಳೆಯುವರು, ಅವರಿಗೆ ಪ್ರಮಾಣದ ಗಣಿತವೂ ಆದಂತಾಯಿತು. ಪಾಯ ತೋಡುವ ಮೊದಲು ಒಮ್ಮೆ ಬಂದು ನಿಮ್ಮ ಹೊಲ ಆ ಗೆರೆಯ ಯಾವ ಕಡೆಗಿದೆಯೆಂದು ನೋಡಿಕೊಂಡು ಹೋಗಿರಿ. ಬರುವಾಗ ಸಾತಬಾರಾ ಉತಾರವನ್ನು ತನ್ನಿರಿ; ನೋಟೀಸು ಬಂದಿದ್ದರೆ ಅದು ಬಂದ ಲಕೋಟೆಯನ್ನು ಹರಿದು ಎಸೆಯದೆ ಜೊತೆಗೇ ತನ್ನಿರಿ, ಟಪಾಲಿನ ಮುದ್ರೆಯ ತಾರೀಖು ಅದರ ಮೇಲೆಯೇ ಇರುತ್ತದೆ.